ನೆರೆ ಎಷ್ಟು ವರ್ಷಕ್ಕೊಮ್ಮೆ?

2009ರ ಅಕ್ಟೋಬರ್ 2ರಂದು ಶ್ರೀಶೈಲ ಜಲಾಶಯದ ಒಳಹರಿವು 25 ಲಕ್ಷ ಕ್ಯೂಸೆಕ್ ದಾಟಿತು. ಆ ಅಣೆಕಟ್ಟೆಗೆ ಲೆಕ್ಕ ಹಾಕಿ ಇಟ್ಟುಕೊಂಡಿದ್ದ ಗರಿಷ್ಠ ಪ್ರವಾಹ ಸುಮಾರು 19 ಲಕ್ಷ ಕ್ಯೂಸೆಕ್. ಕರ್ನೂಲು ನಗರ ಮುಳುಗಿತು. ಮಂತ್ರಾಲಯದಲ್ಲಿ ತುಂಗಭದ್ರೆ ರಾಯರ ಮಠದೊಳಕ್ಕೇ ನುಗ್ಗಿದಳು. ರಾಯಚೂರು, ವಿಜಯಪುರ, ಬಾಗಲಕೋಟೆ, ಕೊಪ್ಪಳ, ಬಳ್ಳಾರಿ ಜಿಲ್ಲೆಗಳಲ್ಲಿ ಮಣ್ಣಿನ ಮಾಳಿಗೆ ಮನೆಗಳು ನೆನೆದು ಕುಸಿದವು; ಕರ್ನಾಟಕವೊಂದರಲ್ಲೇ 200ಕ್ಕೂ ಹೆಚ್ಚು ಜನ ಸತ್ತರು. ಇಂಥದ್ದು ನೂರಾರು ವರ್ಷಕ್ಕೊಮ್ಮೆ ಬರುವ ನೆರೆ, ನಮ್ಮ ಕಾಲಕ್ಕೆ ಇದೊಂದೇ ಎಂದು ಆಗ ಬಹಳ ಜನ ನಂಬಿದರು. ಸರಿಯಾಗಿ ಹತ್ತು ವರ್ಷಕ್ಕೆ, 2019ರ ಆಗಸ್ಟ್‌ನಲ್ಲಿ, ಕೃಷ್ಣಾ, ಘಟಪ್ರಭಾ, ಮಲಪ್ರಭಾ ಮೂರೂ ಒಟ್ಟಿಗೆ ಉಕ್ಕಿದವು. ಆಲಮಟ್ಟಿಯಿಂದ 5 ಲಕ್ಷ ಕ್ಯೂಸೆಕ್‌ಗಿಂತ ಹೆಚ್ಚು ನೀರು ಬಿಡಬೇಕಾಯಿತು, ಪಟ್ಟದಕಲ್ಲಿನ ಗುಡಿಗಳ ಅಂಗಳಕ್ಕೆ ಹೊಳೆ ಬಂತು. 2021ರಲ್ಲಿ ಕೃಷ್ಣೆ ಮತ್ತೆ ದಡ ಮೀರಿ ಹರಿದಳು.

ಹಾಗಾದರೆ ನೆರೆ ಎಷ್ಟು ವರ್ಷಕ್ಕೊಮ್ಮೆ ಬರುತ್ತದೆ ಎಂದು ಹೇಳುವ ಶಾಸ್ತ್ರ ಸುಳ್ಳೇ? ಸುಳ್ಳಲ್ಲ. ನೂರು ವರ್ಷಗಳಿಂದ ಒಳ್ಳೆಯ ತಲೆಗಳು ಕೂತು ಕಟ್ಟಿದ ಶಾಸ್ತ್ರ ಅದು. ಸೇತುವೆಯ ಎತ್ತರ, ಅಣೆಕಟ್ಟೆಯ ಗೇಟುಗಳ ಸಂಖ್ಯೆ, ಊರು ಎಲ್ಲಿಗೆ ಸರಿಯಬೇಕು ಎಂಬ ಗೆರೆ, ಎಲ್ಲವೂ ಅದರ ಮೇಲೆ ನಿಂತಿವೆ. ಆದರೆ ಅದು ಕೊಡುವ ಉತ್ತರ ಒಂದು ಅಂಕಿಯಲ್ಲ, ಅಂಕಿಗಳ ಒಂದು ಹರವು. ಆ ಹರವನ್ನು ಬಿಟ್ಟು ನಡುವಿನ ಅಂಕಿಯೊಂದನ್ನೇ ಜನರ ಕೈಗೆ ಕೊಡುವುದು ನಮ್ಮಲ್ಲಿ ರೂಢಿಯಾಗಿದೆ. ಹೊಳೆದಂಡೆಯ ಜನ ಅದಕ್ಕೆ ಬಹಳ ಬೆಲೆ ತೆತ್ತಿದ್ದಾರೆ.

ಮೊದಲು ‘ನೂರು ವರ್ಷದ ನೆರೆ’ ಎಂಬ ಮಾತನ್ನೇ ನೋಡೋಣ. ಯಾವುದೇ ಒಂದು ವರ್ಷದಲ್ಲಿ ಅಷ್ಟು ಅಥವಾ ಅದಕ್ಕಿಂತ ದೊಡ್ಡ ನೆರೆ ಬರುವ ಸಂಭವ ನೂರರಲ್ಲಿ ಒಂದು ಎಂಬುದಷ್ಟೇ ಅದರ ಅರ್ಥ. ಈ ವರ್ಷ ಬಂದರೆ ಮುಂದಿನ ವರ್ಷವೂ ಸಂಭವ ಅಷ್ಟೇ ಇರುತ್ತದೆ. ಹೊಳೆ ಹಿಂದಿನ ವರ್ಷದ ಲೆಕ್ಕ ಇಟ್ಟುಕೊಂಡು ಹರಿಯುವುದಿಲ್ಲ. ಮೂವತ್ತು ವರ್ಷ ಬಾಳುವ ಮನೆಯೊಂದನ್ನು ಆ ನೆರೆ ಮುಟ್ಟುವ ಜಾಗದಲ್ಲಿ ಕಟ್ಟಿದರೆ, ಆ ಮೂವತ್ತು ವರ್ಷಗಳಲ್ಲಿ ಒಮ್ಮೆಯಾದರೂ ನೀರು ಒಳಬರುವ ಸಂಭವ ಶೇ 26. ಐವತ್ತು ವರ್ಷಕ್ಕೆ ಶೇ 39ಕ್ಕಿಂತ ಮೇಲೆ, ನೂರು ವರ್ಷಕ್ಕೆ ಶೇ 63. ಇನ್ನೊಂದು ಕಡೆಯಿಂದ ನೋಡಿ: ಒಂದಕ್ಕೊಂದು ಸಂಬಂಧವಿಲ್ಲದ ನೂರು ಹೊಳೆಗಳಿದ್ದರೆ, ಪ್ರತಿ ವರ್ಷವೂ ಅವುಗಳಲ್ಲಿ ಒಂದಾದರೂ ತನ್ನ ನೂರು ವರ್ಷದ ನೆರೆಯನ್ನು ಕಾಣುವ ಸಂಭವವೂ ಶೇ 63. ಪ್ರತಿ ಮಳೆಗಾಲದಲ್ಲೂ ದೇಶದ ಯಾವುದೋ ಮೂಲೆಯಿಂದ ‘ಶತಮಾನದ ನೆರೆ’ಯ ಸುದ್ದಿ ಬಂದರೆ ಅದರಲ್ಲಿ ಅಚ್ಚರಿಪಡುವಂಥದ್ದಿಲ್ಲ.

ಸಂಖ್ಯಾಶಾಸ್ತ್ರ ಬರುವುದಕ್ಕೆ ಮುಂಚೆ ಎಂಜಿನಿಯರರು ಸೂತ್ರಗಳನ್ನು ನಂಬಿದ್ದರು. 1865ರ ಡಿಕೆನ್ಸ್ ಸೂತ್ರ ಉತ್ತರ ಭಾರತಕ್ಕೆ, 1884ರ ರೈವ್ಸ್ ಸೂತ್ರ ಮದರಾಸು ಪ್ರಾಂತ್ಯಕ್ಕೆ, ಇಂಗ್ಲಿಸ್ ಸೂತ್ರ ಹಳೆಯ ಮುಂಬಯಿ ಪ್ರಾಂತ್ಯದ ಪಶ್ಚಿಮಘಟ್ಟದ ಹೊಳೆಗಳಿಗೆ. ಮೂರರ ತಿರುಳೂ ಒಂದೇ: ಜಲಾನಯನ ಪ್ರದೇಶದ ವಿಸ್ತೀರ್ಣ ಕೊಟ್ಟರೆ ಗರಿಷ್ಠ ಪ್ರವಾಹ ಸಿಗುತ್ತದೆ. ಕೆರೆಯ ಕೋಡಿ ಎಷ್ಟು ಅಗಲ ಇರಬೇಕು, ರಸ್ತೆಯ ಮೋರಿ ಎಷ್ಟು ದೊಡ್ಡದಿರಬೇಕು ಎಂದು ತೀರ್ಮಾನಿಸಲು ಇವು ಇಂದಿಗೂ ಬಳಕೆಯಲ್ಲಿವೆ. ಆದರೆ ಆ ಗರಿಷ್ಠ ಪ್ರವಾಹ ಎಷ್ಟು ವರ್ಷಕ್ಕೊಮ್ಮೆ ಬರುವಂಥದ್ದು ಎಂಬ ಪ್ರಶ್ನೆಗೆ ಆ ಸೂತ್ರಗಳಲ್ಲಿ ಜಾಗವೇ ಇರಲಿಲ್ಲ. ಆ ಪ್ರಶ್ನೆಯನ್ನು ಮೊದಲು ಗಟ್ಟಿಯಾಗಿ ಎತ್ತಿದ್ದು 1914ರಲ್ಲಿ, ಅಮೆರಿಕದ ವೆಸ್ಟನ್ ಫುಲ್ಲರ್ ಮತ್ತು ಆಲನ್ ಹೇಝನ್ ಎಂಬ ಇಬ್ಬರು ಎಂಜಿನಿಯರರು. ವರ್ಷವರ್ಷದ ಗರಿಷ್ಠ ಹರಿವುಗಳನ್ನು ಒಂದು ಗುಂಪಾಗಿ ತೆಗೆದುಕೊಂಡು, ಸಂಭವನೀಯತೆಯ ಕಾಗದದ ಮೇಲೆ ಗುರುತು ಹಾಕಿ, ಗೆರೆ ಎಳೆದು ಮುಂದಕ್ಕೆ ಚಾಚುವ ದಾರಿ ಅಲ್ಲಿಂದ ಶುರುವಾಯಿತು.

ಆ ಗೆರೆ ಯಾವ ಆಕಾರದ್ದಿರಬೇಕು ಎಂಬುದಕ್ಕೆ ಗಣಿತದ ಆಧಾರ ಸಿಕ್ಕಿದ್ದು ಇನ್ನೂ ತಡವಾಗಿ. ದೊಡ್ಡ ಗುಂಪೊಂದರ ಅತಿ ದೊಡ್ಡ ಬೆಲೆ ಹೇಗೆ ವರ್ತಿಸುತ್ತದೆ ಎಂಬುದನ್ನು 1928ರಲ್ಲಿ ಫಿಶರ್ ಮತ್ತು ಟಿಪೆಟ್ ಬಿಡಿಸಿ ತೋರಿಸಿದರು. ಮೂಲ ವಿತರಣೆ ಏನೇ ಇರಲಿ, ಗರಿಷ್ಠಗಳು ಕೊನೆಗೆ ಮೂರೇ ಬಗೆಯ ಆಕಾರಗಳಲ್ಲಿ ಒಂದಕ್ಕೆ ಬಂದು ನಿಲ್ಲುತ್ತವೆ ಎಂಬುದು ಅವರ ಫಲಿತಾಂಶ. ಟಿಪೆಟ್ ಇಂಗ್ಲೆಂಡಿನ ಹತ್ತಿ ಉದ್ಯಮದ ಸಂಶೋಧನಾ ಸಂಸ್ಥೆಯಲ್ಲಿದ್ದವರು. ನೂಲು ತನ್ನ ಅತಿ ದುರ್ಬಲ ಜಾಗದಲ್ಲಿ ಹರಿಯುತ್ತದೆ, ಹಾಗಾಗಿ ತುತ್ತತುದಿಯ ಬೆಲೆಗಳು ಅವರ ದಿನದ ಕೆಲಸವೇ ಆಗಿದ್ದವು. ಈ ಗಣಿತವನ್ನು ನದಿಗೆ ತಂದವರು ಎಮಿಲ್ ಗುಂಬೆಲ್.

ಗುಂಬೆಲ್ ಅವರ ಬಗ್ಗೆ ನಾಲ್ಕು ಮಾತು ಹೆಚ್ಚಾಗಿಯೇ ಹೇಳಬೇಕು ಅನ್ನಿಸುತ್ತದೆ. 1891ರಲ್ಲಿ ಮ್ಯೂನಿಕ್‌ನಲ್ಲಿ ಹುಟ್ಟಿದ ಅವರು ಮೊದಲ ಮಹಾಯುದ್ಧದ ನಂತರ ಶಾಂತಿವಾದಿಯಾದರು. ಜರ್ಮನಿಯಲ್ಲಿ ಬಲಪಂಥೀಯರು ನಡೆಸಿದ ರಾಜಕೀಯ ಕೊಲೆಗಳನ್ನೂ ಅವುಗಳಿಗೆ ನ್ಯಾಯಾಲಯಗಳು ಕೊಟ್ಟ ಹಗುರ ಶಿಕ್ಷೆಗಳನ್ನೂ ಒಂದೊಂದಾಗಿ ಎಣಿಸಿ, ಪಟ್ಟಿ ಮಾಡಿ, 1922ರಲ್ಲಿ ಪುಸ್ತಕವಾಗಿ ತಂದರು. ಅಂಕಿ ಎಂದರೆ ಸಾಕ್ಷಿ ಎಂದು ನಂಬಿದ ಮನುಷ್ಯ. ನಾತ್ಸಿಗಳ ಕಣ್ಣು ಕೆಂಪಾಯಿತು. 1932ರಲ್ಲಿ ಹೈಡೆಲ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುವ ಹಕ್ಕು ಹೋಯಿತು. ಫ್ರಾನ್ಸಿಗೆ ಹೋದರು, ಅಲ್ಲಿಗೂ ಜರ್ಮನ್ ಸೇನೆ ಬಂದಾಗ 1940ರಲ್ಲಿ ಅಮೆರಿಕ ಸೇರಿದರು. ಮರುವರ್ಷವೇ, 1941ರಲ್ಲಿ, ನೆರೆಗಳ ಮರುಕಳಿಕೆ ಅವಧಿಯ, ಅಂದರೆ ಅವು ಎಷ್ಟು ವರ್ಷಕ್ಕೊಮ್ಮೆ ಬರುತ್ತವೆ ಎಂಬುದರ ಕುರಿತ ಅವರ ಪ್ರಬಂಧ ಅಚ್ಚಾಯಿತು. 1958ರಲ್ಲಿ ಬಂದ ಅವರ ಪುಸ್ತಕ ಈ ಕ್ಷೇತ್ರದ ಮೂಲಗ್ರಂಥವಾಯಿತು. ಇಂದು ಸಿವಿಲ್ ಎಂಜಿನಿಯರಿಂಗ್ ಓದುವ ನಮ್ಮ ಹುಡುಗ ಹುಡುಗಿಯರೆಲ್ಲ ‘ಗುಂಬೆಲ್ ವಿಧಾನ’ವನ್ನು ಪರೀಕ್ಷೆಗಾಗಿ ಕಲಿಯುತ್ತಾರೆ, ಆ ಹೆಸರಿನ ಹಿಂದಿನ ಬದುಕನ್ನೂ ಅವರು ತಿಳಿಯುವುದು ಒಳ್ಳೆಯದು.

ವಿಧಾನ ಸರಳ. ಒಂದು ಮಾಪನ ಕೇಂದ್ರದಲ್ಲಿ ಪ್ರತಿ ವರ್ಷ ಕಂಡ ಅತಿ ಹೆಚ್ಚಿನ ಹರಿವನ್ನು ಮಾತ್ರ ಬರೆದುಕೊಳ್ಳಬೇಕು. ಭಾರತದಲ್ಲಿ ಜಲವರ್ಷ ಜೂನ್‌ನಿಂದ ಮೇ ತನಕ. ಆ ಅಂಕಿಗಳನ್ನು ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿ ಕ್ರಮಸಂಖ್ಯೆ ಕೊಡಬೇಕು. ನಲವತ್ತು ವರ್ಷಗಳ ದಾಖಲೆ ಇದ್ದರೆ ಮೊದಲ ಸ್ಥಾನದ ನೆರೆಗೆ 41ರಲ್ಲಿ ಒಂದು ಸಂಭವ, ಎರಡನೆಯದಕ್ಕೆ 41ರಲ್ಲಿ ಎರಡು, ಹೀಗೆ. ಇವುಗಳ ನಡುವೆ ಹಾಯುವ ಗೆರೆಯನ್ನು ದಾಖಲೆಯ ಆಚೆಗೆ ಚಾಚಿದರೆ ನೂರು ವರ್ಷದ, ಇನ್ನೂರು ವರ್ಷದ ನೆರೆ ಸಿಗುತ್ತದೆ. ಅಳತೆ ಇರುವುದು ನಲವತ್ತು ವರ್ಷಕ್ಕೆ, ಉತ್ತರ ಬೇಕಿರುವುದು ನೂರಕ್ಕೆ, ಅಣೆಕಟ್ಟೆಯಾದರೆ ಸಾವಿರಕ್ಕೆ. ಕಷ್ಟವೆಲ್ಲ ಈ ಚಾಚುವಿಕೆಯಲ್ಲಿದೆ.

ಎಷ್ಟು ಕಷ್ಟ ಎಂಬುದನ್ನು ಒಂದು ಕಾಲ್ಪನಿಕ ಲೆಕ್ಕ ಮಾಡಿಯೇ ನೋಡಬಹುದು. ಒಂದು ಹೊಳೆಯ ನಲವತ್ತು ವರ್ಷಗಳ ವಾರ್ಷಿಕ ಗರಿಷ್ಠಗಳ ಸರಾಸರಿ 2 ಲಕ್ಷ ಕ್ಯೂಸೆಕ್, ಅವುಗಳ ಏರಿಳಿತ ತೋರಿಸುವ ಮಾನಕ ವಿಚಲನೆ 80 ಸಾವಿರ ಕ್ಯೂಸೆಕ್ ಎಂದಿಟ್ಟುಕೊಳ್ಳಿ. ಗುಂಬೆಲ್ ಗೆರೆಯ ಪ್ರಕಾರ ನೂರು ವರ್ಷದ ನೆರೆ ಸುಮಾರು 4.5 ಲಕ್ಷ ಕ್ಯೂಸೆಕ್. ನಲವತ್ತೊಂದನೆಯ ವರ್ಷ 5.5 ಲಕ್ಷದ ನೆರೆ ಬಂತು. ಹಳೆಯ ಗೆರೆಯಲ್ಲಿ ಅದು ಹೆಚ್ಚೂಕಡಿಮೆ 490 ವರ್ಷಕ್ಕೊಮ್ಮೆ ಬರಬೇಕಾದ ನೆರೆ. ಆ ಒಂದು ಅಂಕಿಯನ್ನು ದಾಖಲೆಗೆ ಸೇರಿಸಿ ಮತ್ತೆ ಲೆಕ್ಕ ಹಾಕಿ: ಅದೇ ನೆರೆ ಈಗ 170 ವರ್ಷದ ನೆರೆಯಾಗುತ್ತದೆ. ನೂರು ವರ್ಷದ್ದು 4.5ರಿಂದ 5.1 ಲಕ್ಷಕ್ಕೆ ಏರುತ್ತದೆ. ನಿನ್ನೆಯವರೆಗೆ ನೂರು ವರ್ಷದ ನೆರೆ ಎಂದು ಕರೆಯುತ್ತಿದ್ದ 4.5 ಲಕ್ಷ ಕ್ಯೂಸೆಕ್ ಇಂದು ಬರೀ 46 ವರ್ಷದ್ದು. ಹೊಳೆ ಬದಲಾಗಿಲ್ಲ, ಮಳೆ ಬದಲಾಗಿಲ್ಲ. ನಮ್ಮ ವಹಿಯಲ್ಲಿ ಒಂದು ಸಾಲು ಹೆಚ್ಚಾಗಿದೆ, ಅಷ್ಟೇ. ಹೊಳೆದಂಡೆಯಲ್ಲಿ ಐವತ್ತು ವರ್ಷದ ಮಟ್ಟಿಗೆ ಕಟ್ಟಿದ ಮನೆಯ ಲೆಕ್ಕದಲ್ಲಿ ಆ ಒಂದು ಸಾಲು ಅಪಾಯವನ್ನು ಶೇ 39ರಿಂದ ಶೇ 66ರ ಆಸುಪಾಸಿಗೆ ಒಯ್ಯುತ್ತದೆ.

ಅಮೆರಿಕದ ಭೂವೈಜ್ಞಾನಿಕ ಸರ್ವೇಕ್ಷಣೆಯ ಮ್ಯಾನ್ಯುಯೆಲ್ ಬೆನ್ಸನ್ ಇದನ್ನೇ ವ್ಯವಸ್ಥಿತವಾಗಿ ಪರೀಕ್ಷಿಸಿ 1960ರಲ್ಲಿ ಪ್ರಕಟಿಸಿದರು. ನಿಜವಾದ ಉತ್ತರ ಮೊದಲೇ ಗೊತ್ತಿರುವ ಸಾವಿರ ವರ್ಷಗಳ ಕಾಲ್ಪನಿಕ ದಾಖಲೆಯನ್ನು ಸೃಷ್ಟಿಸಿ, ಅದನ್ನು ತುಂಡು ತುಂಡು ಮಾಡಿ, ಪ್ರತಿ ತುಂಡಿನಿಂದಲೂ ಲೆಕ್ಕ ಹಾಕಿದರು. ನೂರು ವರ್ಷದ ನೆರೆಯನ್ನು ಶೇ 25ರ ಒಳಗಿನ ತಪ್ಪಿನಲ್ಲಿ, ನೂರಕ್ಕೆ 95 ಸಲ ಸರಿಯಾಗಿ ಹೇಳಬೇಕಾದರೆ 48 ವರ್ಷಗಳ ದಾಖಲೆ ಬೇಕು. ಶೇ 10ರ ಒಳಗೆ ಹೇಳಬೇಕಾದರೆ 115 ವರ್ಷ ಬೇಕು. ವಿತರಣೆ ಯಾವುದೆಂದು ಮೊದಲೇ ಗೊತ್ತಿದ್ದಾಗಿನ ಮಾತು ಇದು. ನಿಜದ ಹೊಳೆಯಲ್ಲಿ ಅದೂ ಗೊತ್ತಿರುವುದಿಲ್ಲ.

ಯಾವ ವಿತರಣೆ ಎಂಬ ಜಗಳ ದಶಕಗಳ ಕಾಲ ನಡೆದಿದೆ. ಅಮೆರಿಕ 1967ರಲ್ಲಿ ತನ್ನ ಸರ್ಕಾರಿ ಸಂಸ್ಥೆಗಳಿಗೆಲ್ಲ ಲಾಗ್-ಪಿಯರ್ಸನ್ ಮೂರನೆಯ ಬಗೆಯನ್ನು ಗೊತ್ತುಮಾಡಿತು. ಬ್ರಿಟನ್ 1975ರ ವರದಿಯಲ್ಲಿ ಮೂರು ಆಕಾರಗಳನ್ನೂ ಒಂದಾಗಿ ಹೊಂದಿಸಿದ ಸಾಮಾನ್ಯೀಕೃತ ಗರಿಷ್ಠ ವಿತರಣೆಯತ್ತ ವಾಲಿ, 1999ರ ಕೈಪಿಡಿಯಲ್ಲಿ ಬೇರೆಯದಕ್ಕೆ ಹೋಯಿತು. ಭಾರತದಲ್ಲಿ ಹಲವನ್ನು ಹೊಂದಿಸಿ ನೋಡಿ, ಪರೀಕ್ಷೆಯಲ್ಲಿ ಚೆನ್ನಾಗಿ ಕೂತದ್ದನ್ನು ಆಯ್ದುಕೊಳ್ಳುವುದು ರೂಢಿ. ದಾಖಲೆ ಇರುವಷ್ಟು ಕಾಲಕ್ಕೆ ಎಲ್ಲ ಗೆರೆಗಳೂ ಒಂದರ ಮೇಲೊಂದು ಹಾಯುತ್ತವೆ. ಬೇರೆಯಾಗುವುದು ಅದರಾಚೆಗೆ, ಅಂದರೆ ನಮಗೆ ಉತ್ತರ ಬೇಕಾದ ಕಡೆಯಲ್ಲೇ. ಆ ಕಡೆ ಪರೀಕ್ಷೆ ಮಾಡಲು ಅಳತೆಗಳೇ ಇಲ್ಲ. ಈ ಜಗಳಕ್ಕೆ ಸಿಕ್ಕಿರುವ ಮಹತ್ವ ಅತಿಯಾಯಿತು ಎಂದು ನನ್ನ ಅಭಿಪ್ರಾಯ. ಅದಕ್ಕಿಂತ ದೊಡ್ಡ ತೊಡಕುಗಳು ಗೆರೆ ಎಳೆಯುವುದಕ್ಕೆ ಮುಂಚೆಯೇ ಇವೆ.

ಮೊದಲನೆಯದು ಅಳತೆ. ಹೊಳೆಯಲ್ಲಿ ದಿನವೂ ಅಳೆಯುವುದು ನೀರಿನ ಮಟ್ಟವನ್ನು. ದಡದಲ್ಲಿ ನೆಟ್ಟ ಗೇಜ್ ಕಂಬದ ಮೇಲೆ ನೀರು ಎಲ್ಲಿಗೆ ಬಂತು ಎಂದು ಗೇಜ್ ಓದುವವರು ಬರೆದುಕೊಳ್ಳುತ್ತಾರೆ. ಮಳೆಗಾಲದಲ್ಲಿ ಗಂಟೆ ಗಂಟೆಗೂ ಓದಬೇಕು, ನಡುರಾತ್ರಿಯಲ್ಲೂ. ಹರಿವನ್ನು ಅಳೆಯುವುದು ಬೇರೆ ಕೆಲಸ: ದೋಣಿಯಿಂದಲೋ ಸೇತುವೆಯಿಂದಲೋ ವೇಗಮಾಪಕವನ್ನು ನೀರಿಗೆ ಇಳಿಸಿ, ಅಡ್ಡಕ್ಕೆ ಹಲವು ಕಡೆ ವೇಗ ಹಿಡಿದು, ಆಳ ಅಗಲಗಳಿಂದ ಗುಣಿಸಬೇಕು. ಹೀಗೆ ಆಗಾಗ ಮಾಡಿದ ಅಳತೆಗಳಿಂದ ಇಷ್ಟು ಮಟ್ಟಕ್ಕೆ ಇಷ್ಟು ಹರಿವು ಎಂಬ ನಕ್ಷೆ ತಯಾರಾಗುತ್ತದೆ. ಹೊಳೆ ತುಂಬಿ ಮರಗಳನ್ನೇ ಹೊತ್ತು ತರುತ್ತಿರುವಾಗ ದೋಣಿ ಇಳಿಸುವವರು ಯಾರು? ಆ ದಿನದ ಹರಿವನ್ನು ಸಣ್ಣ ನೆರೆಗಳಲ್ಲಿ ತಯಾರಾದ ನಕ್ಷೆಯನ್ನು ಮೇಲಕ್ಕೆ ಚಾಚಿಯೇ ಹೇಳಬೇಕು. ನದಿಯ ಪಾತ್ರ ಕೊರೆದುಹೋಗಿರುತ್ತದೆ, ನೀರು ದಡ ದಾಟಿ ಕಬ್ಬಿನ ಗದ್ದೆಗಳಲ್ಲಿ ಹರಿಯುತ್ತಿರುತ್ತದೆ, ಕೆಲವೊಮ್ಮೆ ಗೇಜ್ ಕಂಬವೇ ಕೊಚ್ಚಿಹೋಗಿರುತ್ತದೆ. ಜಲಾಶಯದ ಒಳಹರಿವನ್ನಂತೂ ಯಾರೂ ನೇರವಾಗಿ ಅಳೆಯುವುದಿಲ್ಲ. ನೀರಿನ ಮಟ್ಟ ಎಷ್ಟು ಬೇಗ ಏರಿತು, ಗೇಟುಗಳಿಂದ ಎಷ್ಟು ಹೊರಹೋಯಿತು ಎಂಬುದರಿಂದ ಲೆಕ್ಕ ಹಾಕಿ ತೆಗೆದದ್ದು ಅದು. ನೂರು ವರ್ಷದ ನೆರೆಯ ಲೆಕ್ಕದಲ್ಲಿ ಅತಿ ಹೆಚ್ಚು ತೂಕ ಬೀಳುವುದು ಅತಿ ದೊಡ್ಡ ನೆರೆಗಳ ಮೇಲೆ. ಅತಿ ಕೆಟ್ಟದಾಗಿ ಅಳತೆಯಾಗಿರುವುದೂ ಅವೇ.

ಎರಡನೆಯ ತೊಡಕು ಬೇರೆ ಬೇರೆ ಬಗೆಯ ನೆರೆಗಳನ್ನು ಒಂದೇ ಗುಂಪಿಗೆ ಹಾಕುವುದು. ಕೃಷ್ಣೆಯಲ್ಲಿ ಅದು ಕಣ್ಣಿಗೆ ಕಾಣುವಷ್ಟು ಸ್ಪಷ್ಟವಾಗಿದೆ, ಆದರೂ ಅದರ ಬಗ್ಗೆ ಸಾಕಷ್ಟು ಮಾತಾಗಿಲ್ಲ. 2019ರ ನೆರೆ ಬಂದದ್ದು ಪಡುವಣ ಮಾರುತದ ನೆತ್ತಿಯಲ್ಲಿ, ಮಹಾಬಳೇಶ್ವರದಿಂದ ಬೆಳಗಾವಿಯವರೆಗಿನ ಘಟ್ಟದಲ್ಲಿ ದಿನಗಟ್ಟಲೆ ಸುರಿದ ಮಳೆಯಿಂದ. ಆ ನೀರು ಸಾಂಗಲಿ, ಕೊಲ್ಹಾಪುರ, ಚಿಕ್ಕೋಡಿ, ಜಮಖಂಡಿ ದಾಟಿ ಆಲಮಟ್ಟಿಗೆ ಬರುವಷ್ಟರಲ್ಲಿ ಎಚ್ಚರಿಸಲು ಒಂದಷ್ಟು ಸಮಯ ಸಿಗುತ್ತದೆ. 2009ರದ್ದು ಹಾಗಲ್ಲ. ಮುಂಗಾರು ಮುಗಿಯುವ ಹೊತ್ತಿಗೆ ಬಂಗಾಳ ಕೊಲ್ಲಿಯ ಕಡೆಯಿಂದ ಬಂದ ವಾಯುಭಾರ ಕುಸಿತ, ಘಟ್ಟವನ್ನು ಬಿಟ್ಟು ಬಯಲುಸೀಮೆಯ ಮೇಲೆ, ಎಂದೂ ಮಳೆಗಾಗಿ ಮುಗಿಲು ನೋಡುವ ರಾಯಚೂರು, ವಿಜಯಪುರ, ಕರ್ನೂಲುಗಳ ಮೇಲೆ ಸುರಿಯಿತು. ಹಳ್ಳಗಳೇ ಹೊಳೆಗಳಾದವು. ಜಲಾಶಯಗಳು ಆಗಲೇ ತುಂಬಿದ್ದವು, ಎಚ್ಚರಿಕೆಗೆ ವೇಳೆ ಸಿಗಲಿಲ್ಲ. ಎರಡೂ ಒಂದೇ ನದಿಯ ವಹಿಯಲ್ಲಿ ಒಂದರ ಕೆಳಗೊಂದು ಕೂರುತ್ತವೆ. ಅವೆರಡನ್ನೂ ಒಂದೇ ಗೆರೆಗೆ ಹೊಂದಿಸುವುದೆಂದರೆ ಜೋಳವನ್ನೂ ಹತ್ತಿಯನ್ನೂ ಒಂದೇ ಸೇರಿನಲ್ಲಿ ಅಳೆದ ಹಾಗೆ. ಘಟ್ಟದ ನೆರೆಗಳು ಹೆಚ್ಚೂಕಡಿಮೆ ಪ್ರತಿ ವರ್ಷ ಬರುತ್ತವೆ, ಅವುಗಳ ಏರಿಳಿತಕ್ಕೊಂದು ಮಿತಿಯಿದೆ. ಬಯಲಿನ ನೆರೆಗಳು ಅಪರೂಪ, ಬಂದರೆ ಮಿತಿ ಮೀರಿಯೇ ಬರುತ್ತವೆ. ಎರಡನ್ನೂ ಬೇರೆ ಬೇರೆ ಲೆಕ್ಕ ಹಾಕಿ, ಆಮೇಲೆ ಸಂಭವಗಳನ್ನು ಕೂಡಿಸುವ ವಿಧಾನ ಸಂಖ್ಯಾಶಾಸ್ತ್ರದಲ್ಲಿ ಹಳೆಯದೇ. ಕೃಷ್ಣಾ ಮತ್ತು ಭೀಮಾ ದಂಡೆಗಳಿಗೆ ಆ ಕೆಲಸ ಕೂಡಲೇ ಆಗಬೇಕು.

ಚಿಕ್ಕ ದಾಖಲೆಯನ್ನು ಹಿಗ್ಗಿಸುವ ದಾರಿಗಳೂ ಇವೆ. ಒಂದು, ಜಾಗವನ್ನು ಕಾಲಕ್ಕೆ ಬದಲಾಗಿ ಬಳಸುವುದು. ಒಂದೇ ಬಗೆಯ ಮಳೆ, ಮಣ್ಣು, ಇಳಿಜಾರು ಇರುವ ಹತ್ತು ಹೊಳೆಗಳಿಗೆ ಮೂವತ್ತು ಮೂವತ್ತು ವರ್ಷಗಳ ದಾಖಲೆ ಇದ್ದರೆ, ಪ್ರತಿಯೊಂದರ ಹರಿವನ್ನೂ ಅದರ ಸರಾಸರಿ ನೆರೆಯಿಂದ ಭಾಗಿಸಿ ಎಲ್ಲವನ್ನೂ ಒಟ್ಟುಗೂಡಿಸಬಹುದು. ಡಾಲ್ರಿಂಪಲ್ 1960ರಲ್ಲಿ ಇದನ್ನು ವಿವರಿಸಿದರು. ಹಾಸ್ಕಿಂಗ್ 1990ರಲ್ಲಿ ತಂದ ಎಲ್-ಮೊಮೆಂಟ್ ಎಂಬ ಹೊಸ ಅಳತೆಗಳು, ಒಂದು ವಿಪರೀತ ವರ್ಷ ಇಡೀ ಲೆಕ್ಕವನ್ನು ಎಳೆದಾಡದ ಹಾಗೆ ನೋಡಿಕೊಂಡವು. ಭಾರತದಲ್ಲಿ ಕೇಂದ್ರ ಜಲ ಆಯೋಗ, ರೈಲ್ವೆಯ ಸಂಶೋಧನಾ ಸಂಸ್ಥೆ, ಹವಾಮಾನ ಇಲಾಖೆ, ಸಾರಿಗೆ ಸಚಿವಾಲಯ ಸೇರಿ ದೇಶವನ್ನು 26 ಉಪವಲಯಗಳಾಗಿ ವಿಂಗಡಿಸಿ, ಗೇಜ್ ಇಲ್ಲದ ಹಳ್ಳಗಳಿಗೂ 25, 50, 100 ವರ್ಷಗಳ ನೆರೆ ಅಂದಾಜು ಮಾಡುವ ವರದಿಗಳನ್ನು ತಂದವು. ಕೃಷ್ಣಾ–ಪೆನ್ನಾರ್ ಒಂದು ಉಪವಲಯ, ಕಾವೇರಿ ಇನ್ನೊಂದು. ಈ ದಾರಿಯ ದೋಷವೆಂದರೆ ಒಂದೇ ವಾಯುಭಾರ ಕುಸಿತ ಹತ್ತೂ ಹೊಳೆಗಳಿಗೆ ಒಟ್ಟಿಗೆ ನೆರೆ ತರುತ್ತದೆ. ಹತ್ತು ಸಾಕ್ಷಿಗಳು ಹೇಳಿದ್ದು ಒಂದೇ ಮಾತು ಎನ್ನುವಂತಾಗುತ್ತದೆ.

ಇನ್ನೊಂದು ದಾರಿ ಹಿಂದಕ್ಕೆ ಹೋಗುವುದು. ನನಗೆ ಅತಿ ಹೆಚ್ಚು ಭರವಸೆ ಇರುವುದು ಇದರಲ್ಲೇ. ಯಾಂಗ್‌ಸೀ ನದಿಯ ದಂಡೆಯ ಬಂಡೆಗಳ ಮೇಲೆ ಜನ ಕೆತ್ತಿಟ್ಟ ನೆರೆ ಗುರುತುಗಳಿಂದ 1870ರ ಮಹಾಪೂರದ ಪ್ರಮಾಣವನ್ನು ಅಂದಾಜು ಮಾಡಲು ಚೀನಾದ ಎಂಜಿನಿಯರರಿಗೆ ಸಾಧ್ಯವಾಯಿತು. ತ್ರೀ ಗಾರ್ಜಸ್ ಅಣೆಕಟ್ಟೆಯ ಲೆಕ್ಕಕ್ಕೆ ಅದು ಆಧಾರವಾಯಿತು. ನರ್ಮದೆಯ ಕಣಿವೆಗಳಲ್ಲಿ ಪುಣೆ ವಿಶ್ವವಿದ್ಯಾಲಯದ ವಿಶ್ವಾಸ್ ಕಾಳೆ ಮತ್ತು ಅಮೆರಿಕದ ಸಹೋದ್ಯೋಗಿಗಳು ಇನ್ನೂ ಹಿಂದಕ್ಕೆ ಹೋದರು. ದೊಡ್ಡ ನೆರೆ ಬಂದಾಗ ಕಣಿವೆಯ ಮೂಲೆಗಳಲ್ಲಿ, ಉಪನದಿ ಸೇರುವ ಬಾಯಿಗಳಲ್ಲಿ ನೀರು ನಿಂತು ಸಣ್ಣ ಮರಳು, ಗೋಡು ಕೂರುತ್ತದೆ. ಪದರ ಪದರವಾಗಿ ಉಳಿದ ಆ ಮಣ್ಣಿನ ಕಾಲ ನಿರ್ಣಯ ಮಾಡಿ, ಪದರದ ಎತ್ತರದಿಂದ ಹರಿವನ್ನು ಲೆಕ್ಕ ಹಾಕಿದರು. ದೊಡ್ಡ ನೆರೆಗಳು ಶತಮಾನಗಳ ಉದ್ದಕ್ಕೂ ಸಮವಾಗಿ ಹಂಚಿಕೊಂಡು ಬರುವುದಿಲ್ಲ, ಕೆಲವು ಕಾಲಗಳಲ್ಲಿ ಗುಂಪುಗೂಡಿ ಬರುತ್ತವೆ ಎಂಬುದು ಈ ಬಗೆಯ ಅಧ್ಯಯನಗಳಿಂದ ತಿಳಿಯಿತು.

ನಮ್ಮಲ್ಲಿ ಅಂಥ ಗುರುತುಗಳಿಗೆ ಬರವೇ? ತುಂಗಭದ್ರೆ ತುಂಬಿದಾಗೆಲ್ಲ ಹಂಪಿಯ ಪುರಂದರ ಮಂಟಪ ಮುಳುಗಿತು ಎಂದು ಪತ್ರಿಕೆಗಳಲ್ಲಿ ಬರುತ್ತದೆ. ಕಪಿಲೆ ತುಂಬಿದರೆ ನಂಜನಗೂಡಿನ ಹದಿನಾರು ಕಾಲು ಮಂಟಪ ಮುಳುಗುತ್ತದೆ. ಇವು ಬರೀ ಸುದ್ದಿಗೆ ಹಾಕುವ ಚಿತ್ರಗಳಲ್ಲ. ಮಂಟಪದ ಮಟ್ಟಕ್ಕೆ ಎಷ್ಟು ಹರಿವು ಬೇಕು ಎಂದು ಒಮ್ಮೆ ಸರ್ವೆ ಮಾಡಿಟ್ಟರೆ, ‘ಆ ವರ್ಷ ಮುಳುಗಿತು’, ‘ಆ ವರ್ಷ ಮುಳುಗಲಿಲ್ಲ’ ಎಂಬ ಎರಡೇ ಬಗೆಯ ಮಾಹಿತಿಯೂ ಲೆಕ್ಕಕ್ಕೆ ಬರುತ್ತದೆ. ಹರಿವು ನಿಖರವಾಗಿ ಎಷ್ಟು ಎಂದು ಗೊತ್ತಿಲ್ಲದಿದ್ದರೂ, ಒಂದು ಮಟ್ಟವನ್ನು ದಾಟಿತೋ ಇಲ್ಲವೋ ಎಂಬುದಷ್ಟನ್ನೇ ಬಳಸಿಕೊಳ್ಳುವ ವಿಧಾನವನ್ನು ಅಮೆರಿಕದ ಈಚಿನ ಮಾರ್ಗಸೂಚಿ ಅಧಿಕೃತವಾಗಿ ಒಪ್ಪಿದೆ. ಅದರಲ್ಲೂ ಅಣೆಕಟ್ಟೆಗಳು ಏಳುವುದಕ್ಕೆ ಮುಂಚಿನ ಕಾಲದ್ದು, ತುಂಗಭದ್ರೆಗಾದರೆ 1953ಕ್ಕೂ ಹಿಂದಿನದ್ದು, ಸಿಕ್ಕರೆ ಚಿನ್ನಕ್ಕಿಂತ ಹೆಚ್ಚು. ದೇವಸ್ಥಾನದ ಲೆಕ್ಕಪತ್ರ, ಶಾನುಭೋಗರ ಕಡತ, ಹಳೆಯ ಪತ್ರಿಕೆ, ಊರ ಹಿರಿಯರು ತೋರಿಸುವ ಗೋಡೆಯ ಮೇಲಿನ ಗೆರೆ, ಎಲ್ಲವೂ ಇಲ್ಲಿ ದತ್ತಾಂಶವೇ. ಇತಿಹಾಸ ವಿಭಾಗಗಳೂ ಸಿವಿಲ್ ಎಂಜಿನಿಯರಿಂಗ್ ವಿಭಾಗಗಳೂ ಒಟ್ಟಿಗೆ ಕೂತು ಮಾಡಬೇಕಾದ ಕೆಲಸ ಇದು.

ದೊಡ್ಡ ಅಣೆಕಟ್ಟೆಗಳ ವಿಷಯದಲ್ಲಿ ಮರುಕಳಿಕೆ ಅವಧಿಯ ಲೆಕ್ಕವನ್ನೇ ಬಿಟ್ಟು ಬೇರೆ ದಾರಿ ಹಿಡಿದಿದ್ದಾರೆ. ಅಲ್ಲಿ ಲೆಕ್ಕ ತಪ್ಪಿದರೆ ಊರೇ ಹೋಗುತ್ತದೆ. 1979ರ ಆಗಸ್ಟ್ 11ರಂದು ಗುಜರಾತಿನ ಮಚ್ಛು-2 ಅಣೆಕಟ್ಟೆ ಒಡೆದು ಮೋರ್ಬಿ ಪಟ್ಟಣ ಕೊಚ್ಚಿಹೋಯಿತು. ಸಾವಿರಗಟ್ಟಲೆ ಜನ ಸತ್ತರು. ಅದರ ಸ್ಪಿಲ್‌ವೇ ಹೊರಹಾಕಬಲ್ಲದ್ದು ಸುಮಾರು 2 ಲಕ್ಷ ಕ್ಯೂಸೆಕ್, ಬಂದ ನೀರು ಅದರ ಎರಡು ಪಟ್ಟಿಗೂ ಹೆಚ್ಚು. 1985ರ ಭಾರತೀಯ ಮಾನಕದ ಪ್ರಕಾರ ಚಿಕ್ಕ ಅಣೆಕಟ್ಟೆಗೆ ನೂರು ವರ್ಷದ ನೆರೆ ಸಾಕು, ಮಧ್ಯಮಕ್ಕೆ ಇನ್ನೂ ಬಿಗಿಯಾದ ಮಾನದಂಡ, 6 ಕೋಟಿ ಘನ ಮೀಟರಿಗಿಂತ ಹೆಚ್ಚು ನೀರು ಹಿಡಿಯುವ ದೊಡ್ಡದಕ್ಕೆ ಸಂಭವನೀಯ ಗರಿಷ್ಠ ಪ್ರವಾಹ. ಈ ಕೊನೆಯದನ್ನು ಹೊಳೆಯ ದಾಖಲೆಯಿಂದಲ್ಲ, ಆ ಸೀಮೆಯ ಆಕಾಶ ಹಿಡಿಯಬಲ್ಲ ತೇವಾಂಶದಿಂದ, ಕಂಡ ದೊಡ್ಡ ಬಿರುಮಳೆಗಳಿಂದ ಕಟ್ಟುತ್ತಾರೆ. ಅದೂ ಸ್ಥಿರವಲ್ಲ. ಹಿರಾಕುಡ್ ಅಣೆಕಟ್ಟೆಗೆ ಮೊದಲು ಇಟ್ಟುಕೊಂಡದ್ದು 15 ಲಕ್ಷ ಕ್ಯೂಸೆಕ್, ಮರುಪರಿಶೀಲನೆಯಲ್ಲಿ ಬಂದದ್ದು 24.5 ಲಕ್ಷ.

ಇಷ್ಟೆಲ್ಲ ಲೆಕ್ಕಕ್ಕೂ ಅಡಿಪಾಯವಾಗಿ ಒಂದು ನಂಬಿಕೆ ಇದೆ: ನಾಳೆಯ ಹೊಳೆ ನಿನ್ನೆಯ ಹೊಳೆಯ ಹಾಗೇ ಇರುತ್ತದೆ. 2008ರಲ್ಲಿ ಕ್ರಿಸ್ ಮಿಲ್ಲಿ ಮತ್ತು ಸಂಗಡಿಗರು ಸೈನ್ಸ್ ಪತ್ರಿಕೆಯಲ್ಲಿ ಆ ನಂಬಿಕೆ ಸತ್ತಿದೆ ಎಂದು ಘೋಷಿಸಿದರು. ಭೂಮಿ ಬಿಸಿಯಾಗುತ್ತಿದೆ, ಹಳೆಯ ದಾಖಲೆ ಇನ್ನು ಮಾರ್ಗದರ್ಶಿಯಲ್ಲ ಎಂಬುದು ಅವರ ವಾದ. ಗ್ರೀಸಿನ ಕುಟ್ಸೋಯಾನಿಸ್ ಮತ್ತು ಇಟಲಿಯ ಮೊಂಟಾನಾರಿ ಇದನ್ನು ಒಪ್ಪಲಿಲ್ಲ. ಹೆರಾಲ್ಡ್ ಹರ್ಸ್ಟ್ ನೈಲ್ ನದಿಯ ಶತಮಾನಗಳ ದಾಖಲೆಯಲ್ಲಿ 1951ರಷ್ಟು ಹಿಂದೆಯೇ ಕಂಡ ಸಂಗತಿಯನ್ನು ಇವರು ಮುಂದಿಡುತ್ತಾರೆ: ನೀರಿನ ವರ್ಷಗಳು ನೀರಿನ ವರ್ಷಗಳ ಜೊತೆ, ಬರದ ವರ್ಷಗಳು ಬರದ ಜೊತೆ ದಶಕಗಟ್ಟಲೆ ಸಾಲುಗಟ್ಟುತ್ತವೆ, ನಾವು ಬದಲಾವಣೆ ಎಂದು ಕರೆಯುವುದರಲ್ಲಿ ಒಂದಂಶ ಹೊಳೆಯ ಸಹಜ ಗುಣವೇ. ಮೂವತ್ತು ವರ್ಷಗಳ ಅಂಕಿಯಲ್ಲಿ ಏರಿಕೆಯ ಗೆರೆ ಎಳೆದು ಮುಂದಕ್ಕೆ ಚಾಚಿದರೆ ಅನಿಶ್ಚಿತತೆ ಕಡಿಮೆಯಾಗುವುದಿಲ್ಲ, ಹೆಚ್ಚಾಗುತ್ತದೆ. ಲೆಕ್ಕದ ಎಚ್ಚರಿಕೆಯ ಮಟ್ಟಿಗೆ ನಾನು ಇವರ ಪಕ್ಷ. ಆದರೆ ಭೌತಿಕ ಕಾರಣ ಗೊತ್ತಿರುವ ಕಡೆ ಅದನ್ನು ಬಿಟ್ಟು ಲೆಕ್ಕ ಹಾಕಲಾಗದು. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ ರಾಕ್ಸಿ ಮತ್ತು ತಂಡ 2017ರಲ್ಲಿ ತೋರಿಸಿದಂತೆ, 1950ರಿಂದ 2015ರ ನಡುವೆ ಮಧ್ಯಭಾರತದಲ್ಲಿ ವ್ಯಾಪಕವಾದ ವಿಪರೀತ ಮಳೆಯ ಪ್ರಸಂಗಗಳು ಮೂರು ಪಟ್ಟಾಗಿವೆ. ಮಳೆ ಹೆಚ್ಚಿದಷ್ಟೇ ನೆರೆಯೂ ಹೆಚ್ಚಬೇಕೆಂದಿಲ್ಲ; ನೆಲ ಒಣಗಿದ್ದರೆ ಮೊದಲ ಮಳೆಯನ್ನು ಕುಡಿದುಬಿಡುತ್ತದೆ. ದೊಡ್ಡ ಬಯಲುಹೊಳೆಗಿಂತ ಊರೊಳಗಿನ ಸಣ್ಣ ಹಳ್ಳಕ್ಕೆ ಅಪಾಯ ಬೇಗ ಹೆಚ್ಚುತ್ತದೆ.

ಕೃಷ್ಣೆಯಲ್ಲಿ ಹವಾಮಾನಕ್ಕಿಂತ ಮುಂಚೆ ಬದಲಾವಣೆ ತಂದದ್ದು ಅಣೆಕಟ್ಟೆಗಳು. 1964ರಲ್ಲಿ ಮುಗಿದ ಕೊಯ್ನಾ ನೂರಕ್ಕೂ ಹೆಚ್ಚು ಟಿಎಂಸಿ ಅಡಿ ನೀರು ಹಿಡಿಯುತ್ತದೆ. ಅದರ ಕೆಳಗಿನ ಗೇಜುಗಳಲ್ಲಿ 1964ಕ್ಕೆ ಮುಂಚಿನ ಅಂಕಿ, ನಂತರದ ಅಂಕಿ ಬೇರೆ ಬೇರೆ ನದಿಗಳವು ಎಂದೇ ಹೇಳಬೇಕು. ಜಲಾಶಯ ಸಣ್ಣ, ಮಧ್ಯಮ ನೆರೆಗಳನ್ನು ನುಂಗಿಬಿಡುತ್ತದೆ. ತುಂಬಿದ ಮೇಲೆ ಬರುವ ದೊಡ್ಡ ನೆರೆಯನ್ನು ಹೆಚ್ಚೂಕಡಿಮೆ ಹಾಗೇ ಕೆಳಗೆ ಬಿಡಬೇಕು. ಹೀಗಾಗಿ ಗೆರೆಯ ಕೆಳಭಾಗ ತಗ್ಗುತ್ತದೆ, ತುದಿ ಇದ್ದಲ್ಲೇ ಇರುತ್ತದೆ. ತಗ್ಗಿದ ಭಾಗವನ್ನು ನೋಡಿ ನೇರಗೆರೆ ಎಳೆದವರಿಗೆ ನದಿ ಪಳಗಿದ ಹಾಗೆ ಕಾಣುತ್ತದೆ. ಜನರಿಗೂ ಹಾಗೇ ಕಾಣುತ್ತದೆ: ಹದಿನೈದು ವರ್ಷ ನೀರು ಬರಲಿಲ್ಲವೆಂದು ಪಾತ್ರದ ಅಂಚಿನವರೆಗೆ ಕಬ್ಬು, ಅದರ ಹಿಂದೆ ಮನೆ.

ಈ ಲೆಕ್ಕಗಳು ಜನರನ್ನು ಮುಟ್ಟುವುದು ಗೆರೆಗಳ ರೂಪದಲ್ಲಿ. ಮಹಾರಾಷ್ಟ್ರದಲ್ಲಿ ಹೊಳೆದಂಡೆಗೆ ನೀಲಿ ಗೆರೆ, ಕೆಂಪು ಗೆರೆ ಎಂದು ಎರಡಿವೆ. ನೀಲಿ 25 ವರ್ಷದ ನೆರೆಗೆ, ಕೆಂಪು 100 ವರ್ಷದ್ದಕ್ಕೆ. ನೆರೆಬಯಲಿನಲ್ಲಿ ಏನು ಕಟ್ಟಬಹುದು, ಏನು ಕಟ್ಟಬಾರದು ಎಂಬ ಮಾದರಿ ಮಸೂದೆಯನ್ನು ಕೇಂದ್ರ 1975ರಲ್ಲೇ ರಾಜ್ಯಗಳಿಗೆ ಕಳಿಸಿತು. ಕಾನೂನು ಮಾಡಿದ್ದು ಮಣಿಪುರ, ರಾಜಸ್ಥಾನ, ಉತ್ತರಾಖಂಡ, ಹಿಂದಿನ ಜಮ್ಮು–ಕಾಶ್ಮೀರದಂಥ ಬೆರಳೆಣಿಕೆಯ ರಾಜ್ಯಗಳು. ಕರ್ನಾಟಕದಲ್ಲಿ 2009ರ ನಂತರ ‘ಆಸರೆ’ ಯೋಜನೆಯಲ್ಲಿ ಎತ್ತರದ ಜಾಗಗಳಲ್ಲಿ ಊರುಗಳನ್ನು ಕಟ್ಟಿದರು. ಹೊಲ ಹೊಳೆದಂಡೆಯಲ್ಲೇ ಉಳಿದವರಿಗೆ ದನಕರು ಕಟ್ಟಿಕೊಂಡು ದೂರ ಇರುವುದು ಸುಲಭವಲ್ಲ. ಹಳೆಯ ಊರಿಗೆ ಮರಳಿದವರನ್ನು ಹೀಗಳೆಯಲು ನನಗೆ ಮನಸ್ಸಿಲ್ಲ. ಆದರೆ ಅವರು ಆ ನಿರ್ಧಾರ ಮಾಡುವಾಗ ಅವರ ಕೈಯಲ್ಲಿ ಏನು ಮಾಹಿತಿ ಇತ್ತು ಎಂದು ಕೇಳಲೇಬೇಕು. ‘ನೂರು ವರ್ಷಕ್ಕೊಮ್ಮೆ’ ಎಂದರೆ ಎಂಥವರಿಗೂ ನನ್ನ ಕಾಲಕ್ಕಲ್ಲ ಎನ್ನಿಸುತ್ತದೆ. ‘ಈ ಮನೆ ನಿಮ್ಮ ಮಗಳ ಮಗಳು ದೊಡ್ಡವಳಾಗುವುದರೊಳಗೆ ಮುಳುಗುವ ಸಂಭವ ಮೂರರಲ್ಲಿ ಒಂದರಿಂದ ಮೂರರಲ್ಲಿ ಎರಡರವರೆಗೆ ಇದೆ’ ಎಂದರೆ ಬೇರೆಯದೇ ಮಾತು. ಎರಡೂ ಹೊರಡುವುದು ಒಂದೇ ಲೆಕ್ಕದಿಂದ.

ಆದ್ದರಿಂದ ನೆರೆಗೆರೆ ಎಳೆಯುವ ಇಲಾಖೆಗಳು ಗೆರೆಯ ಜೊತೆಗೆ ಅದರ ಹರವನ್ನೂ ನಕ್ಷೆಯಲ್ಲಿ ತೋರಿಸಬೇಕು. ಒಂದು ಗೆರೆಯ ಬದಲು ಒಂದು ಪಟ್ಟಿ. ಘಟ್ಟದ ನೆರೆಗೊಂದು, ಬಯಲಿನ ನೆರೆಗೊಂದು ಲೆಕ್ಕ ಬೇರೆಯಾಗಬೇಕು. ಪ್ರತಿ ದೊಡ್ಡ ನೆರೆಯ ನಂತರ ನೀರು ಇಳಿದ ವಾರದೊಳಗೆ, ಗೋಡೆಯ ಕಲೆ ಮಾಸುವುದಕ್ಕೆ ಮುಂಚೆ, ನೀರು ಮುಟ್ಟಿದ ಮಟ್ಟವನ್ನು ಊರೂರಿಗೆ ಹೋಗಿ ಸರ್ವೆ ಮಾಡಿ ಶಾಲೆಯ, ಪಂಚಾಯಿತಿಯ ಗೋಡೆ ಮೇಲೆ ಇಸವಿ ಸಮೇತ ಶಾಶ್ವತ ಗುರುತು ಹಾಕಬೇಕು. ಕೃಷ್ಣಾ ಕಣಿವೆಯ ಹರಿವಿನ ಅಂಕಿಗಳು ಗಂಗಾ, ಬ್ರಹ್ಮಪುತ್ರಗಳಂತೆ ಗುಟ್ಟಿನವಲ್ಲ, ಸಾರ್ವಜನಿಕರಿಗೆ ಸಿಗುವಂಥವು. ವಿಜಯಪುರ, ಬಾಗಲಕೋಟೆ, ಬೆಳಗಾವಿ, ರಾಯಚೂರುಗಳ ಎಂಜಿನಿಯರಿಂಗ್ ಕಾಲೇಜುಗಳ ವಿದ್ಯಾರ್ಥಿಗಳು ಪರೀಕ್ಷೆಗಾಗಿ ಬಿಡಿಸುವ ಗುಂಬೆಲ್ ಲೆಕ್ಕವನ್ನು ತಮ್ಮ ಊರ ಹೊಳೆಯ ಅಂಕಿ ಇಟ್ಟುಕೊಂಡೇ ಬಿಡಿಸಲಿ, 2009 ಮತ್ತು 2019ನ್ನು ಒಮ್ಮೆ ಸೇರಿಸಿ, ಒಮ್ಮೆ ಬಿಟ್ಟು. ಬಂದ ಎರಡು ಉತ್ತರಗಳನ್ನೂ ಗ್ರಾಮಸಭೆಯಲ್ಲಿ ಓದಿ ಹೇಳಲಿ.